ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕಾರ್ನ್ ಕ್ಯಾಸರೋಲ್: ಒಂದು ಬೋಗುಣಿ, ಒಂದು ಚಮಚ, ಒಂದು ಟ್ರೇ

ನಮಸ್ಕಾರ. ಈ ವಿಡಿಯೊದಲ್ಲಿ ಹಿಂದೆ ಕೇಳಿಸುತ್ತಿರುವ ಕೂಗಾಟ ಜಗಳದ್ದಲ್ಲ, ಟಿವಿಯದು. ಇವತ್ತು ನವೆಂಬರ್‌ನ ನಾಲ್ಕನೇ ಗುರುವಾರ, ಅಮೆರಿಕದವರ ಸುಗ್ಗಿ ಊಟದ ಹಬ್ಬ ಥ್ಯಾಂಕ್ಸ್‌ಗಿವಿಂಗ್. ನಾವಿರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ. ಇಲ್ಲಿ ಈ ದಿನ ಟರ್ಕಿ ಕೋಳಿ ಇಲ್ಲದಿದ್ದರೂ ಹೇಗೋ ನಡೆದೀತು, ಡೆಟ್ರಾಯ್ಟ್ ಲಯನ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ಇಲ್ಲದಿದ್ದರೆ ನಡೆಯುವುದಿಲ್ಲ. 1934ರಿಂದ, ನಡುವೆ ಎರಡನೇ ಮಹಾಯುದ್ಧದ ಕೆಲವು ವರ್ಷ ಬಿಟ್ಟರೆ, ಪ್ರತಿ ಥ್ಯಾಂಕ್ಸ್‌ಗಿವಿಂಗ್‌ಗೂ ಈ ತಂಡ ಆಡುತ್ತಾ ಬಂದಿದೆ. ಹಾಗಾಗಿ ಮನೆಯ ಅರ್ಧ ಜನ ಸೋಫಾದಲ್ಲಿದ್ದಾರೆ. ಉಳಿದ ಅರ್ಧ, ಅಂದರೆ ನಾನು, ಅಡುಗೆಮನೆಯಲ್ಲಿ.

ಸಂಜೆ ಪಕ್ಕದ ಬೀದಿಯ ಸ್ನೇಹಿತರ ಮನೆಯಲ್ಲಿ ಊಟ. ಟರ್ಕಿ ಅವರದು, ಬಂದವರೆಲ್ಲ ಒಂದೊಂದು ಸೈಡ್ ಡಿಶ್ ತರಬೇಕು. ನನ್ನ ಪಾಲಿನದು ಕಾರ್ನ್ ಕ್ಯಾಸರೋಲ್, ಅಂದರೆ ಮೆಕ್ಕೆಜೋಳವನ್ನು ಬೆಣ್ಣೆ, ಮೊಟ್ಟೆ ಜೊತೆ ಕಲಸಿ ಟ್ರೇಯಲ್ಲಿ ಬೇಯಿಸುವ ಮೆತ್ತನೆಯ ತಿಂಡಿ. ಪಾಲಿಗೆ ಬಂತು ಅನ್ನುವುದಕ್ಕಿಂತ ನಾನೇ ಕೇಳಿ ತೆಗೆದುಕೊಂಡೆ ಅನ್ನಬೇಕು, ಯಾಕೆಂದರೆ ಈ ಇಡೀ ಊಟದಲ್ಲಿ ಇದಕ್ಕಿಂತ ಸುಲಭದ ಕೆಲಸ ಇಲ್ಲ. ಹೆಚ್ಚುವುದಿಲ್ಲ, ಹುರಿಯುವುದಿಲ್ಲ, ಲಟ್ಟಿಸುವುದಂತೂ ಇಲ್ಲವೇ ಇಲ್ಲ. ಎಲ್ಲ ಒಂದೇ ಬೋಗುಣಿಗೆ ಹಾಕಿ ಕಲಸುವುದು, ಓವನ್‌ಗೆ ಇಡುವುದು. ಅಷ್ಟೇ.

ಇನ್ನೊಂದು ಕಾರಣವೂ ಇದೆ. ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಮೊಟ್ಟೆ ನಡೆಯುತ್ತದೆ. ಹೊಸದಾಗಿ ಅಮೆರಿಕಕ್ಕೆ ಬಂದವರು ಏನಂದುಕೊಳ್ಳುತ್ತಾರೆ ಅಂದರೆ, ಟರ್ಕಿ ಒಂದನ್ನು ಬಿಟ್ಟರೆ ಮೇಜಿನ ಮೇಲಿರುವುದೆಲ್ಲ ತರಕಾರಿ ತಾನೇ, ಆರಾಮಾಗಿ ತಿನ್ನಬಹುದು ಅಂತ. ಸ್ವಲ್ಪ ತಾಳಿ. ಸ್ಟಫಿಂಗ್ ಅನ್ನುವ ಬ್ರೆಡ್ಡಿನ ಐಟಂಗೆ ಸಾಮಾನ್ಯವಾಗಿ ಕೋಳಿ ಸಾರು ಹಾಕಿರುತ್ತಾರೆ. ಗ್ರೇವಿ ಟರ್ಕಿಯಿಂದ ಇಳಿದ ರಸದ್ದು. ಗೆಣಸಿನ ಮೇಲೆ ಬೆಳ್ಳಗೆ ಉಬ್ಬಿರುವ ಮಾರ್ಷ್‌ಮೆಲ್ಲೋದಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರುವಂಥದ್ದು. ಸೊಪ್ಪು ಬೇಯಿಸಿದ್ದಾರೆ ಅಂತ ಖುಷಿಪಟ್ಟರೆ ಅದರೊಳಗೆ ಹಂದಿಯ ಮೂಳೆ ಇರಬಹುದು. ಯಾರೂ ಬೇಕಂತ ಮುಚ್ಚಿಡುವುದಿಲ್ಲ, ಅವರಿಗೆ ಅದು ತರಕಾರಿಯೇ. ಕೇಳಿದರೆ ಹೇಳುತ್ತಾರೆ, ಆದರೆ ಹಬ್ಬದ ಮನೆಯಲ್ಲಿ ಪ್ರತಿ ಪಾತ್ರೆಯ ಮುಂದೆ ನಿಂತು ವಿಚಾರಣೆ ಮಾಡುವುದಕ್ಕೆ ಮುಜುಗರ, ಅಲ್ವಾ? ಅದಕ್ಕೆ ಹೊಟ್ಟೆ ತುಂಬುವಂಥ ಒಂದು ದೊಡ್ಡ ಟ್ರೇಯನ್ನು ನಾವೇ ಒಯ್ದುಬಿಟ್ಟರೆ ನೆಮ್ಮದಿ. ಅದೂ ಅವರ ಹಬ್ಬದ್ದೇ ತಿಂಡಿ ಆಗಿದ್ದರೆ ಇನ್ನೂ ಒಳ್ಳೆಯದು. ಅವರೂ ತಿನ್ನುತ್ತಾರೆ, ನಾವೂ ತಿನ್ನುತ್ತೇವೆ.

ಸರಿ, ಈಗ ಕ್ಯಾಮೆರಾ ಕೆಳಗೆ ಬಂತು. ಈ ನೀಲಿ ಬಿಳಿ ಪುಟ್ಟ ಡಬ್ಬ ನೋಡಿ. ಜಿಫಿ ಕಾರ್ನ್ ಮಫಿನ್ ಮಿಕ್ಸ್, ಅಂದರೆ ಮೈದಾ, ಮೆಕ್ಕೆಜೋಳದ ಹಿಟ್ಟಿನ ರೆಡಿ ಮಿಕ್ಸ್, 8.5 ಔನ್ಸ್, ಅಂದರೆ ಸುಮಾರು 240 ಗ್ರಾಂ. ಈ ಕ್ಯಾಸರೋಲ್ ಮಾಡುವ ಎಷ್ಟೋ ಮನೆಗಳಲ್ಲಿ ಇದೇ ಡಬ್ಬ ಇರುತ್ತದೆ. ತಯಾರಾಗುವುದು ನಮ್ಮ ರಾಜ್ಯದಲ್ಲೇ, ಆ್ಯನ್ ಆರ್ಬರ್‌ನಿಂದ ಸ್ವಲ್ಪ ಪಶ್ಚಿಮಕ್ಕಿರುವ ಚೆಲ್ಸೀ ಅನ್ನುವ ಊರಿನಲ್ಲಿ. ಸಣ್ಣ ಊರು. ಊರಿನ ನಡುವೆ ಎತ್ತರದ ಬಿಳಿ ಕಣಜದ ಗೋಪುರಗಳು, ಅದರ ಮೇಲೆ ದೊಡ್ಡದಾಗಿ ಜಿಫಿ ಅಂತ ಬರೆದಿದೆ. ಮೇಬಲ್ ವೈಟ್ ಹೋಮ್ಸ್ ಅನ್ನುವ ಮಹಿಳೆ 1930ರಲ್ಲಿ ಬಿಸ್ಕಿಟ್ (ಇಲ್ಲಿ ಅದು ಮೆತ್ತನೆಯ ಬನ್ನಿನಂಥದ್ದು) ಮಿಕ್ಸ್ ಮಾಡಿ ಈ ಹೆಸರನ್ನು ಶುರು ಮಾಡಿದರು. ಹೆಂಡತಿ ಇಲ್ಲದ ಒಬ್ಬ ತಂದೆ ತನ್ನ ಮಗುವಿಗೆ ಕಟ್ಟಿಕೊಟ್ಟಿದ್ದ ಕಲ್ಲಿನಂಥ ಬಿಸ್ಕಿಟ್ ನೋಡಿ, ಅಡುಗೆ ಬಾರದವರೂ ಮಾಡಬಹುದಾದದ್ದು ಏನಾದರೂ ಬೇಕು ಅಂತ ಅವರಿಗೆ ಹೊಳೆಯಿತು ಅನ್ನುವುದು ಕಂಪನಿಯವರು ಹೇಳುವ ಕಥೆ. ನನಗೆ ಈ ಕಥೆ ಇಷ್ಟ.

ಸಸ್ಯಾಹಾರಿಗಳು ಇಲ್ಲಿ ಒಂದು ನಿಮಿಷ ನಿಲ್ಲಿ. ಈ ಮಿಕ್ಸ್‌ನಲ್ಲಿ ಬಹಳ ವರ್ಷ ಹಂದಿಯ ಕೊಬ್ಬು ಇರುತ್ತಿತ್ತು. ಈಗ ಸಸ್ಯಜನ್ಯ ಕೊಬ್ಬು ಬಳಸುತ್ತಾರೆ. ಹಾಗಿದ್ದರೂ ಯಾವ ಕಂಪನಿಯ ಮಿಕ್ಸ್ ಆಗಲಿ, ಡಬ್ಬ ತಿರುಗಿಸಿ ಓದಿ. ಇದಕ್ಕೆ ಹಾಕುವ ಸೋರ್ ಕ್ರೀಮ್, ಅಂದರೆ ಹುಳಿ ಬರಿಸಿದ ಕೆನೆ, ಅದರದ್ದೂ ಓದಿ, ಕೆಲವು ಬ್ರ್ಯಾಂಡ್‌ಗಳಲ್ಲಿ ಜೆಲಟಿನ್ ಸೇರಿಸುತ್ತಾರೆ. ಓದುವುದಕ್ಕೆ ಹತ್ತು ಸೆಕೆಂಡ್ ಸಾಕು.

ಈಗ ಕಲಸೋಣ. ಮೊದಲು ಓವನ್ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಡಿ. ಭಾರತದ ಓವನ್ ಆದರೆ 175 ಡಿಗ್ರಿ ಸೆಲ್ಸಿಯಸ್. ಬೋಗುಣಿಗೆ ಕರಗಿಸಿದ ಬೆಣ್ಣೆ, ಒಂದು ಸ್ಟಿಕ್, ಅಂದರೆ 113 ಗ್ರಾಂ. ಹೌದು, ಜಾಸ್ತಿಯೇ. ಹಬ್ಬ. ಅದಕ್ಕೆ ಎರಡು ಮೊಟ್ಟೆ ಒಡೆದು ಹಾಕುತ್ತಿದ್ದೇನೆ. ಬೆಣ್ಣೆ ಕುದಿಯುವಷ್ಟು ಬಿಸಿ ಇರಬಾರದು, ಮೊಟ್ಟೆ ಅಲ್ಲೇ ಬೆಂದುಬಿಡುತ್ತದೆ. ಒಂದು ಕಪ್ ಸೋರ್ ಕ್ರೀಮ್. ಆಮೇಲೆ ಎರಡು ಡಬ್ಬಿ ಮೆಕ್ಕೆಜೋಳ, ಎರಡೂ ಬೇರೆ ಬೇರೆ ಥರದ್ದು. ಒಂದು ಇಡೀ ಕಾಳಿನದು, ಇದರ ನೀರನ್ನು ಪೂರ್ತಿ ಬಸಿಯಬೇಕು. ಇನ್ನೊಂದು ಕ್ರೀಮ್ ಸ್ಟೈಲ್ ಕಾರ್ನ್, ಇದನ್ನು ಬಸಿಯಬಾರದು, ಹಾಗೇ ಸುರಿಯಬೇಕು. ಹೆಸರು ನೋಡಿ ಇದರಲ್ಲಿ ಕೆನೆ ಇದೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಹಾಲಿನ ಅಂಶವೇ ಇರುವುದಿಲ್ಲ. ಅರೆದ ಜೋಳದ ರಸ, ನೀರು, ಸಕ್ಕರೆ, ಸ್ವಲ್ಪ ಗಂಜಿಪುಡಿ (ಸ್ಟಾರ್ಚ್). ಆ ಗಂಜಿಯೇ ಓವನ್ನಿನಲ್ಲಿ ಬಿಸಿಗೆ ಬಿಗಿದುಕೊಂಡು ಇಡೀ ಟ್ರೇಯನ್ನು ಹಿಡಿದಿಡುವುದು.

ಕೊನೆಗೆ ಜಿಫಿ ಮಿಕ್ಸ್. ಹಾಕಿ, ಚಮಚದಿಂದ ನಿಧಾನಕ್ಕೆ ತಿರುಗಿಸಿ. ಒಣ ಹಿಟ್ಟು ಕಾಣದಂತಾದರೆ ನಿಲ್ಲಿಸಿ. ಗಂಟು ಗಂಟಾಗಿ ಕಂಡರೂ ಪರವಾಗಿಲ್ಲ. ಜಾಸ್ತಿ ಕಲಸಿದರೆ ಮೈದಾ ಬಿಗಿಯಾಗಿ ರಬ್ಬರಿನಂತಾಗುತ್ತದೆ. ಮಿಕ್ಸ್‌ನಲ್ಲಿ ಉಪ್ಪು, ಸಕ್ಕರೆ ಎರಡೂ ಇವೆ, ನಾನು ಬೇರೆ ಏನೂ ಹಾಕುವುದಿಲ್ಲ. ಕಾಳುಮೆಣಸು ಒಂದು ಚಿಟಿಕೆ, ಅಷ್ಟೇ.

ಮೊಟ್ಟೆ ಬೇಡ ಅನ್ನುವವರು ಸುಮ್ನೆ ಬಿಟ್ಟುಬಿಡಿ. ಅದರ ಬದಲಿಗೆ ಬಾಳೆಹಣ್ಣು, ಅಗಸೆಬೀಜ ಅಂತ ಹುಡುಕಬೇಡಿ. ಇದರಲ್ಲಿ ಗಂಜಿಯೇ ಬೇಕಾದಷ್ಟಿದೆ. ಸ್ವಲ್ಪ ಮೆತ್ತಗೆ ಬರುತ್ತದೆ, ಹತ್ತು ನಿಮಿಷ ಜಾಸ್ತಿ ಬೇಯಬೇಕಾಗುತ್ತದೆ, ರುಚಿಗೇನೂ ಮೋಸ ಇಲ್ಲ. ಇಲ್ಲೇ ಎಷ್ಟೋ ಮನೆಗಳಲ್ಲಿ ಮೊಟ್ಟೆ ಇಲ್ಲದೆಯೇ ಮಾಡುತ್ತಾರೆ.

ಊರಿನಲ್ಲಿರುವವರು ಕೇಳುತ್ತೀರಿ, ಈ ಡಬ್ಬ ನಮಗೆ ಎಲ್ಲಿ ಸಿಗಬೇಕು ಅಂತ. ಬೇಕಾಗಿಲ್ಲ. ಮೂರನೇ ಎರಡು ಕಪ್ ಮೈದಾ, ಅರ್ಧ ಕಪ್ ಮೆಕ್ಕೆಜೋಳದ ಹಿಟ್ಟು, ಮೂರು ದೊಡ್ಡ ಚಮಚ ಸಕ್ಕರೆ, ಒಂದು ದೊಡ್ಡ ಚಮಚ ಬೇಕಿಂಗ್ ಪೌಡರ್, ಕಾಲು ಚಿಕ್ಕ ಚಮಚ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ. ಬೆರಳಿನಲ್ಲಿ ಉಜ್ಜಿದರೆ ಮಿಕ್ಸ್ ರೆಡಿ. ಹಿಟ್ಟು ಮಾತ್ರ ಹಳದಿ ಬಣ್ಣದ್ದು, ಸ್ವಲ್ಪ ತರಿ ಇರುವಂಥದ್ದು ತನ್ನಿ. ಅಂಗಡಿಯಲ್ಲಿ ಗೋಬಿ ಮಂಚೂರಿಗೆ ಕೊಡುವ ಬಿಳಿ ಕಾರ್ನ್‌ಫ್ಲೋರ್ ತಂದರೆ ಕೆಲಸ ಕೆಟ್ಟಿತು, ಅದು ಬರೀ ಗಂಜಿ. ಕ್ರೀಮ್ ಸ್ಟೈಲ್ ಕಾರ್ನ್ ಬದಲಿಗೆ ಬೇಯಿಸಿದ ಸ್ವೀಟ್ ಕಾರ್ನ್ ಒಂದೂವರೆ ಕಪ್, ಅರ್ಧ ಕಪ್ ಹಾಲು, ಒಂದು ಚಮಚ ಆ ಬಿಳಿ ಕಾರ್ನ್‌ಫ್ಲೋರ್ (ಇಲ್ಲಿ ಮಾತ್ರ ಅದಕ್ಕೆ ಕೆಲಸ) ಹಾಕಿ ತರಿತರಿಯಾಗಿ ರುಬ್ಬಿ, ಒಲೆಯ ಮೇಲೆ ಗಟ್ಟಿ ಮಾಡಿಕೊಳ್ಳಿ. ಸೋರ್ ಕ್ರೀಮ್ ಬದಲಿಗೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು. ಆ ಹುಳಿ ಬೇಕು, ಇಲ್ಲದಿದ್ದರೆ ಬರೀ ಸಿಹಿ ಆಗಿಬಿಡುತ್ತದೆ.

ಟ್ರೇಗೆ ಬೆಣ್ಣೆ ಸವರಿ ಸುರಿದೆ, ಓವನ್ ಒಳಗೆ ಹೋಯಿತು. ಇದು ಎಂಟು ಇಂಚಿನ ಚೌಕದ ಟ್ರೇ, ದಪ್ಪಗೆ ಬರುತ್ತದೆ, 50ರಿಂದ 60 ನಿಮಿಷ ಬೇಕು. ಒಂಬತ್ತಕ್ಕೆ ಹದಿಮೂರು ಇಂಚಿನ ದೊಡ್ಡ ಟ್ರೇ ಆದರೆ ತೆಳ್ಳಗೆ ಹರಡಿಕೊಳ್ಳುತ್ತದೆ, 35, 40 ನಿಮಿಷಕ್ಕೇ ನೋಡಿ. ನನಗೆ ದಪ್ಪದ್ದೇ ಇಷ್ಟ. ಅಂಚು ಕೇಕಿನಂತೆ, ನಡುವೆ ಪುಡ್ಡಿಂಗಿನಂತೆ ಆಗಬೇಕು, ತೆಳ್ಳಗಿದ್ದರೆ ಬರೀ ಅಂಚೇ ಸಿಗುತ್ತದೆ.

ಅದು ಬೇಯುವ ತನಕ ಸ್ವಲ್ಪ ಹರಟೆ. ಈ ಹಬ್ಬದ ಕಥೆ ಹೇಳುವಾಗ ಎಲ್ಲರೂ 1621ರ ಪ್ಲಿಮತ್‌ಗೆ, ಈಗಿನ ಮ್ಯಾಸಚೂಸೆಟ್ಸ್ ರಾಜ್ಯದ ಊರಿಗೆ, ಹೋಗುತ್ತಾರೆ. ಇಂಗ್ಲೆಂಡಿನಿಂದ ಬಂದು ಮೊದಲ ಚಳಿಗಾಲದಲ್ಲಿ ಅರ್ಧದಷ್ಟು ಜನರನ್ನು ಕಳೆದುಕೊಂಡವರು, ಮುಂದಿನ ಸುಗ್ಗಿಯಲ್ಲಿ ಊಟ ಇಟ್ಟುಕೊಂಡಿದ್ದು. ಅವರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್‌ಲೋ ಬರೆದ ಪತ್ರದಲ್ಲಿ ಅದರ ವಿವರ ಸ್ವಲ್ಪ ಇದೆ: ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮಸಸೊಯಿಟ್ ಸುಮಾರು 90 ಜನರನ್ನು ಕರೆದುಕೊಂಡು ಬಂದದ್ದು, ಮೂರು ದಿನ ಊಟ ನಡೆದದ್ದು, ಆ ವಾಂಪನೋಗ್ ಜನ ಐದು ಜಿಂಕೆ ಹೊಡೆದು ತಂದದ್ದು. ಆ ಜಾಗದಲ್ಲಿ ಮೆಕ್ಕೆಜೋಳ ಬೆಳೆಯುವುದನ್ನು ಇಂಗ್ಲೆಂಡಿನವರಿಗೆ ಕಲಿಸಿದ್ದು ಟಿಸ್ಕ್ವಾಂಟಮ್ ಅನ್ನುವ ಅಲ್ಲಿನವನೇ. ಗುಣಿಗೆ ಮೀನನ್ನು ಗೊಬ್ಬರವಾಗಿ ಹಾಕುವುದೂ ಅವನು ತೋರಿಸಿದ್ದೇ. ಅಲ್ಲಿಯ ಮೂಲನಿವಾಸಿಗಳು ಜೋಳ, ಬೀನ್ಸ್, ಕುಂಬಳ ಮೂರನ್ನೂ ಒಟ್ಟಿಗೆ ಬೆಳೆಯುತ್ತಿದ್ದರು. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತದೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತದೆ. ನಮ್ಮ ಕಡೆ ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತಾರಲ್ಲ, ಅದೇ ಬುದ್ಧಿ.

ಆದರೆ ಆ ಜೋಳ ಈ ಡಬ್ಬಿಯ ಜೋಳ ಅಲ್ಲ. ಅದು ಫ್ಲಿಂಟ್ ಕಾರ್ನ್, ಕಲ್ಲಿನಷ್ಟು ಗಟ್ಟಿ, ಒಣಗಿಸಿ ಕುಟ್ಟಿ ಗಂಜಿ ಕಾಯಿಸಬೇಕು. ಸ್ವೀಟ್ ಕಾರ್ನ್ ಸಿಹಿಯಾಗಿರುವುದು ಅದರೊಳಗಿನ ಸಕ್ಕರೆ ಪೂರ್ತಿ ಗಂಜಿಯಾಗಿ ಬದಲಾಗದಂತೆ ಒಂದು ಜೀನ್ ತಡೆಯುವುದರಿಂದ. ಮೊದಲ ಊಟದಲ್ಲಿ ಈ ಕ್ಯಾಸರೋಲ್ ಇತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಮೂರು ದಿನದ ಸ್ನೇಹ ಕೊನೆಯವರೆಗೆ ಉಳಿಯಲೂ ಇಲ್ಲ, ಐವತ್ತು ಚಿಲ್ಲರೆ ವರ್ಷ ಕಳೆದು 1675ರಲ್ಲಿ ಇಬ್ಬರ ನಡುವೆ ಯುದ್ಧವೇ ಆಯಿತು. ಪ್ಲಿಮತ್‌ನಲ್ಲಿ 1970ರಿಂದ ಈ ದಿನವನ್ನು ಮೂಲನಿವಾಸಿಗಳು ಶೋಕದ ದಿನವಾಗಿ ಆಚರಿಸುತ್ತಾರೆ. ಮಕ್ಕಳು ಸ್ಕೂಲಿನಿಂದ ಕಾಗದದ ಟರ್ಕಿ ಮಾಡಿಕೊಂಡು ಬಂದಾಗ ಇದನ್ನೂ ನಾವು ಹೇಳುತ್ತೇವೆ.

ಹಾಂ, ವಾಸನೆ ಬಂತು. ಬಾಗಿಲು ತೆಗೆಯುತ್ತೇನೆ ನೋಡಿ. ಅಂಚು ಕೆಂಪಾಗಿದೆ, ನಡುವೆ ಟ್ರೇ ಅಲುಗಿಸಿದರೆ ಸ್ವಲ್ಪವೇ ಸ್ವಲ್ಪ ನಡುಗುತ್ತಿದೆ. ಇದೇ ಸರಿ. ಚಾಕು ಚುಚ್ಚಿದರೆ ಒದ್ದೆ ಹಿಟ್ಟು ಅಂಟಬಾರದು, ತೇವ ಇದ್ದರೆ ಇರಲಿ. ಹೊರಗೆ ತೆಗೆದು ಹದಿನೈದು ನಿಮಿಷ ಮುಟ್ಟಬೇಡಿ, ಆಗ ಗಟ್ಟಿಯಾಗುತ್ತದೆ. ಇದನ್ನು ಚೌಕಕ್ಕೆ ಕತ್ತರಿಸಲು ಹೋಗಬೇಡಿ, ದೊಡ್ಡ ಚಮಚದಿಂದ ಬಡಿಸಿ.

ಈಗ ಜಗಳದ ವಿಷಯ. ನಮ್ಮವರ ಕೈಗೆ ಇದು ಸಿಕ್ಕಿದರೆ ಮೊದಲ ಮಾತು, ಸ್ವಲ್ಪ ಸಾಸಿವೆ ಕರಿಬೇವು ಒಗ್ಗರಣೆ ಕೊಟ್ಟರೆ ಹೇಗೆ? ಕೊಡಬೇಡಿ, ದಯವಿಟ್ಟು. ನಾನು ಒಗ್ಗರಣೆಯ ವಿರೋಧಿ ಅಲ್ಲ, ಆದರೆ ಇದರ ಗುಣವೇ ಸಪ್ಪೆ ಸಿಹಿ. ಹುಳಿ ಕ್ರ್ಯಾನ್‌ಬೆರಿ ಸಾಸ್, ಉಪ್ಪುಪ್ಪು ಬೀನ್ಸ್ ಇವುಗಳ ಪಕ್ಕದಲ್ಲಿ ಕೂರುವುದಕ್ಕೆಂದೇ ಇರುವುದು ಇದು. ಅರಿಶಿನ, ಗರಂ ಮಸಾಲ ಹಾಕಿದರೆ ಅತ್ತ ಅಮೆರಿಕದ ಕ್ಯಾಸರೋಲೂ ಅಲ್ಲ, ಇತ್ತ ನಮ್ಮ ತಿಂಡಿಯೂ ಅಲ್ಲ. ಖಾರ ಬೇಕೇ ಬೇಕು ಅನ್ನುವವರು ಹಾಲಪೆನ್ಯೊ ಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಹಾಕಿ, ಒಂದು ಕಪ್ ಚೆಡ್ಡಾರ್ ಚೀಸ್ ತುರಿದು ಹಾಕಿ, ಇಲ್ಲಿಯವರೂ ಹಾಕುತ್ತಾರೆ. ಇಲ್ಲವಾದರೆ ಮಿಡಿ ಉಪ್ಪಿನಕಾಯಿಯ ಸಣ್ಣ ಡಬ್ಬಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ನಮ್ಮ ಮನೆಯಲ್ಲಿ ಒಬ್ಬರು ಹಾಗೇ ಮಾಡುತ್ತಾರೆ. ಹೆಸರು ಹೇಳುವುದಿಲ್ಲ, ಸೋಫಾದಲ್ಲಿ ಕೂತಿದ್ದಾರೆ.

ಕನ್ನಡದವರದೇ ಪಾಟ್‌ಲಕ್, ಅಂದರೆ ಎಲ್ಲರೂ ಒಂದೊಂದು ತಂದು ಉಣ್ಣುವ ಊಟ, ಆದರೆ ಬೇರೆ ಮಾತು. ನವೆಂಬರ್ ಪೂರ್ತಿ ಇಲ್ಲಿ ರಾಜ್ಯೋತ್ಸವ, ದೀಪಾವಳಿ ಅಂತ ವಾರಕ್ಕೊಂದು ಊಟ. ಬಿಸಿಬೇಳೆಬಾತ್, ಪುಳಿಯೋಗರೆ, ಮೊಸರನ್ನದ ಸಾಲಿನ ಕೊನೆಯಲ್ಲಿ ಈ ಟ್ರೇ ಇಟ್ಟರೆ ಮಕ್ಕಳು ಮೊದಲು ಇದನ್ನೇ ಖಾಲಿ ಮಾಡುತ್ತಾರೆ. ದೊಡ್ಡವರು ಸ್ವೀಟ್ ಅಂದುಕೊಂಡು ಹಾಕಿಸಿಕೊಳ್ಳುತ್ತಾರೆ. ನಾನೂ ತಿದ್ದುವುದಕ್ಕೆ ಹೋಗುವುದಿಲ್ಲ.

ಒಯ್ಯುವ ವಿಷಯ ಮುಖ್ಯ, ಯಾಕೆಂದರೆ ಇವತ್ತು ಆ ಮನೆಯ ಓವನ್‌ನಲ್ಲಿ ಜಾಗ ಕೇಳುವುದು ಅಂದರೆ ಶನಿವಾರ ಸಂಜೆ ಮೆಜೆಸ್ಟಿಕ್‌ನಲ್ಲಿ ಸೀಟು ಕೇಳಿದ ಹಾಗೆ. ಟರ್ಕಿ ಬೆಳಗ್ಗೆಯಿಂದ ಒಳಗೇ ಇರುತ್ತದೆ. ಅದಕ್ಕೆ ಪೂರ್ತಿ ಬೇಯಿಸಿಕೊಂಡೇ ಹೋಗಿ. ಟ್ರೇ ಮೇಲೆ ಫಾಯಿಲ್ ಬಿಗಿಯಾಗಿ, ಅದರ ಸುತ್ತ ಎರಡು ದಪ್ಪ ಟವೆಲ್, ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟರೆ ಹತ್ತಿರದ ಮನೆಗೆ ಹೋಗುವಷ್ಟು ಹೊತ್ತು ಬಿಸಿ ಇರುತ್ತದೆ. ಅಲ್ಲಿಗೆ ಹೋಗಿಯೇ ಬೇಯಿಸಬೇಕಾದರೆ ಟರ್ಕಿ ಹೊರಗೆ ಬಂದು ಆರುವ ಅರ್ಧ, ಮುಕ್ಕಾಲು ಗಂಟೆ ನಿಮ್ಮದು, ಮನೆಯವರಿಗೆ ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೂ ನಾಲ್ಕು ಟ್ರೇಗಳು ಕಾಯುತ್ತಿರುತ್ತವೆ. ಅಂಥ ಹೊತ್ತಿಗೆ ದೊಡ್ಡ ಟ್ರೇಯಲ್ಲಿ ತೆಳ್ಳಗೆ ಮಾಡಿದ್ದೇ ಬೇಗ ಬೇಯುತ್ತದೆ.

ಊಟದ ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ, ಹಾಲು ಮೊಟ್ಟೆ ಇರುವ ಪದಾರ್ಥ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಮೈಕ್ರೋವೇವ್ ಮಾಡಿದರೆ ಮೆತ್ತಗಾಗುತ್ತದೆ, ಅದರ ಬದಲು ಶುಕ್ರವಾರ ಬೆಳಗ್ಗೆ ತಣ್ಣಗಿರುವಾಗಲೇ ಹೋಳು ಮಾಡಿ ಕಬ್ಬಿಣದ ಕಾವಲಿಯ ಮೇಲೆ ಸ್ವಲ್ಪ ತುಪ್ಪ ಬಿಟ್ಟು ಎರಡೂ ಕಡೆ ಕೆಂಪಗೆ ಬೇಯಿಸಿ. ಆಗ ಬೇಕಾದರೆ ಚಟ್ನಿಪುಡಿ ಉದುರಿಸಿ, ನಾನು ಏನೂ ಅನ್ನುವುದಿಲ್ಲ. ಸರಿ, ಮ್ಯಾಚ್ ಮುಗಿಯಿತು ಅನ್ನಿಸುತ್ತದೆ, ಟ್ರೇ ಹೊರಲು ಜನ ಬೇಕು, ಕರೆಯುತ್ತೇನೆ.