ನನ್ನ ಮಗುವಿಗೆ ಬೇಡ, ನಿಮ್ಮ ಮಗುವಿಗೂ ಬೇಡ

ಎಲ್ಲರಿಗೂ ನಮಸ್ಕಾರ.

2001ರ ಡಿಸೆಂಬರ್ 30ರಂದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲಮಗೋರ್ಡೊ ಊರಿನಲ್ಲಿ ಒಂದು ಚರ್ಚಿನವರು, ಮಂತ್ರ ಕಲಿಯುವ ಹುಡುಗನ ಕತೆಯಾದ ಹ್ಯಾರಿ ಪಾಟರ್ ಪುಸ್ತಕಗಳನ್ನು ಬೆಂಕಿಗೆ ಹಾಕಿದರು. ಆಗ ನಾಲ್ಕು ಭಾಗ ಮಾತ್ರ ಬಂದಿದ್ದವು. ಬೆಂಕಿ ಹಾಕಿಸಿದ ಪಾದ್ರಿ ಅದರಲ್ಲಿ ಒಂದನ್ನೂ ಓದಿರಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಇಂಥ ಸುದ್ದಿ ಕೇಳಿದರೆ ನಮಗೆ ನಗು ಬರುತ್ತದೆ, ಅಲ್ವಾ? ಆದರೆ ಸುಮ್ನೆ ನಕ್ಕು ಮುಂದೆ ಹೋದರೆ ಮಕ್ಕಳ ಪುಸ್ತಕಗಳ ಮೇಲಿನ ಈ ಜಗಳ ಏನಂತ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಅವರ ಕಡೆ ನಿಂತು ನೋಡೋಣ.

ಬೈಬಲ್ಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯದಲ್ಲಿ ಒಂದು ಪಟ್ಟಿ ಇದೆ. ಕಣಿ ಹೇಳುವವರು, ಮಾಟ ಮಾಡುವವರು, ಸತ್ತವರನ್ನು ವಿಚಾರಿಸುವವರು ನಿಮ್ಮ ನಡುವೆ ಇರಬಾರದು ಎನ್ನುತ್ತದೆ ಅದು. ವಿಮೋಚನಕಾಂಡದ 22ನೇ ಅಧ್ಯಾಯ ಇನ್ನೂ ಖಾರವಾಗಿದೆ. ಮಾಟಗಾತಿಯನ್ನು ಬದುಕಗೊಡಬಾರದು ಎನ್ನುತ್ತದೆ. ಇದನ್ನು ಅಕ್ಷರ ಅಕ್ಷರವಾಗಿ ನಂಬುವ ಒಬ್ಬ ತಾಯಿಯನ್ನು ನೆನೆಸಿಕೊಳ್ಳಿ. ಅವಳಿಗೆ ಮಾಟ ಅನ್ನುವುದು ಕಟ್ಟುಕತೆಯಲ್ಲ, ನಿಜವಾದ ಅಪಾಯ. ಅಂಥವಳ ಮಗ ಸ್ಕೂಲಿನಿಂದ ಒಂದು ಪುಸ್ತಕ ತರುತ್ತಾನೆ. ಅದರಲ್ಲಿ ಮಕ್ಕಳು ಮಂತ್ರ ಕಲಿಯಲು ಶಾಲೆಗೆ ಹೋಗುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಕಲಿತವನೇ ಹೀರೋ ಆಗುತ್ತಾನೆ. ಅವಳು ಗಾಬರಿಯಾಗುವುದರಲ್ಲಿ ವಿಚಿತ್ರವೇನೂ ಇಲ್ಲ. 2019ರಲ್ಲೂ ಟೆನೆಸ್ಸಿಯ ನ್ಯಾಶ್‌ವಿಲ್‌ನ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ಇದೇ ಆಯಿತು. ಈ ಪುಸ್ತಕಗಳಲ್ಲಿರುವ ಶಾಪ, ಮಂತ್ರಗಳೆಲ್ಲ ನಿಜವಾದವೇ, ಓದಿದರೆ ದುಷ್ಟಶಕ್ತಿಗಳು ಬರಬಹುದು ಎಂದು ಅಲ್ಲಿನ ಪಾದ್ರಿ ಲೈಬ್ರರಿಯಿಂದ ಅವನ್ನು ತೆಗೆಸಿದರು. ಅಮೆರಿಕ ಮತ್ತು ರೋಮ್‌ನಲ್ಲಿ ದೆವ್ವ ಬಿಡಿಸುವ ಪಾದ್ರಿಗಳನ್ನು ಕೇಳಿಕೊಂಡೇ ಹೀಗೆ ಮಾಡಿದ್ದೇನೆ ಅಂದರು.

ಓದದೆ ವಿರೋಧಿಸುತ್ತಾರೆ ಅನ್ನುವುದು ಇವರ ಮೇಲಿನ ದೊಡ್ಡ ಆರೋಪ. ಜಾರ್ಜಿಯಾ ರಾಜ್ಯದ ಗ್ವಿನೆಟ್ ಕೌಂಟಿಯಲ್ಲಿ ಒಬ್ಬ ತಾಯಿ ಹ್ಯಾರಿ ಪಾಟರ್ ಪುಸ್ತಕಗಳನ್ನು ಶಾಲೆಯ ಲೈಬ್ರರಿಯಿಂದ ತೆಗೆಸಲು 2005ರಿಂದ 2007ರವರೆಗೆ ಸ್ಥಳೀಯ ಶಾಲಾ ಮಂಡಳಿ, ರಾಜ್ಯ ಮಂಡಳಿ, ಕೋರ್ಟ್ ಎಲ್ಲ ಸುತ್ತಿದರು. ಎಲ್ಲ ಕಡೆ ಸೋತರು. ಪುಸ್ತಕಗಳು ತುಂಬಾ ಉದ್ದ, ನನಗೆ ನಾಲ್ಕು ಮಕ್ಕಳಿದ್ದಾರೆ, ಪೂರ್ತಿ ಓದಿಲ್ಲ ಎಂದು ದೂರಿನಲ್ಲೇ ಬರೆದಿದ್ದರು. ಪತ್ರಿಕೆಗಳು ಅವರನ್ನು ಚೆನ್ನಾಗಿ ಗೇಲಿ ಮಾಡಿದವು. ಆದರೆ ಅವರು ಓದದೇ ಇದ್ದುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಓದುವುದೇ ಕೆಡುಕು ಎಂದು ನಂಬುವವರು ಓದಿ ನೋಡುವುದು ಹೇಗೆ? ವಿಷ ಹೌದೋ ಅಲ್ಲವೋ ಎಂದು ಯಾರೂ ಕುಡಿದು ನೋಡುವುದಿಲ್ಲ.

ಇನ್ನೊಂದು ಮಾತು. ನಾವು ಪುಸ್ತಕಪ್ರೇಮಿಗಳು ಇವರಿಗೆ ಕೊಡುವ ಉತ್ತರ ಏನು? ಅಯ್ಯೋ, ಅದು ಬರೀ ಕತೆ, ಅದರಿಂದ ಏನಾಗುತ್ತೆ ಅನ್ನುತ್ತೇವೆ. ಬೇರೆ ದಿನ ನಾವೇ ವೇದಿಕೆ ಹತ್ತಿ, ಪುಸ್ತಕ ಮನುಷ್ಯನನ್ನು ಬದಲಿಸುತ್ತದೆ ಎಂದು ಭಾಷಣ ಮಾಡುತ್ತೇವೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕತೆಗೆ ಶಕ್ತಿ ಇದೆ ಅನ್ನುವ ವಿಷಯದಲ್ಲಿ ಬೆಂಕಿ ಹಾಕಿದವರು ನಮಗಿಂತ ಪ್ರಾಮಾಣಿಕರು.

ಹಾಗಂತ ಎಲ್ಲ ಭಯವೂ ನಂಬಿಕೆಯಿಂದಲೇ ಹುಟ್ಟಿದ್ದಲ್ಲ. 2000ದಲ್ಲಿ ದಿ ಆನಿಯನ್ ಎಂಬ ವಿಡಂಬನೆ ಪತ್ರಿಕೆ, ಹ್ಯಾರಿ ಪಾಟರ್ ಓದಿ ಮಕ್ಕಳು ಸೈತಾನನ ಪೂಜೆಗೆ ಇಳಿದಿದ್ದಾರೆ ಎಂದು ತಮಾಷೆಗೆ ಬರೆಯಿತು. ಎಷ್ಟೋ ಜನ ಅದನ್ನು ನಿಜ ಅಂದುಕೊಂಡು ಇಮೇಲ್‌ನಲ್ಲಿ ಊರೂರಿಗೆ ಹಂಚಿದರು. ವಾಟ್ಸ್ಆ್ಯಪ್ ಹುಟ್ಟುವ ಮೊದಲಿನ ಕತೆ ಇದು!

ಮತ್ತೆ, ಇದನ್ನು ಧರ್ಮ ಒಂದು ಕಡೆ, ಕಲ್ಪನೆ ಇನ್ನೊಂದು ಕಡೆ ಎಂದು ಹೇಳುವುದೂ ಸರಿಯಲ್ಲ. ಜಗಳ ಚರ್ಚಿನ ಒಳಗೇ ಇದೆ. ಕ್ರಿಶ್ಚಿಯಾನಿಟಿ ಟುಡೇ ಪತ್ರಿಕೆ 2000ದ ಜನವರಿಯಲ್ಲೇ ಹ್ಯಾರಿ ಪಾಟರ್ ನಮಗೆ ಇಷ್ಟ ಎಂದು ಸಂಪಾದಕೀಯ ಬರೆದಿತ್ತು. 2007ರಲ್ಲಿ ಬಂದ ಏಳನೇ ಭಾಗದಲ್ಲಿ ಎರಡು ಸಮಾಧಿಗಳ ಮೇಲೆ ಬೈಬಲ್ ವಾಕ್ಯಗಳೇ ಇವೆ. ಇನ್ನು ಮೆಡಲಿನ್ ಲೆಂಗಲ್ ವಿಷಯ ಕೇಳಿ. ಅವರ ಮಕ್ಕಳ ಕಾದಂಬರಿ 'ಎ ರಿಂಕಲ್ ಇನ್ ಟೈಮ್' 1962ರಲ್ಲಿ ಬಂತು, ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಪ್ರಶಸ್ತಿಯಾದ ನ್ಯೂಬೆರಿ ಪದಕ ಪಡೆಯಿತು. ಲೇಖಕಿ ದೈವಭಕ್ತೆ. ನ್ಯೂಯಾರ್ಕಿನ ಒಂದು ಕೆಥೆಡ್ರಲ್‌ನಲ್ಲಿ ಲೈಬ್ರರಿ ನೋಡಿಕೊಂಡಿದ್ದವರು. ಕತ್ತಲೆಯ ವಿರುದ್ಧ ಹೋರಾಡಿದವರು ಯಾರು ಎಂದು ಅದರಲ್ಲಿ ಒಂದು ಮಾತು ಬರುತ್ತದೆ. ಮೊದಲ ಹೆಸರು ಯೇಸು. ಆಮೇಲೆ ಶೇಕ್ಸ್‌ಪಿಯರ್, ಐನ್‌ಸ್ಟೈನ್, ಗಾಂಧಿ, ಬುದ್ಧ ಬರುತ್ತಾರೆ. ಯೇಸುವನ್ನು ಇವರ ಸಾಲಿನಲ್ಲಿ ನಿಲ್ಲಿಸಿದ್ದೇ ತಪ್ಪಾಯಿತು. ಭಕ್ತೆ ಬರೆದ ಪುಸ್ತಕದ ಮೇಲೂ ಭಕ್ತರು ವರ್ಷಗಟ್ಟಲೆ ದೂರು ಕೊಟ್ಟರು.

ಪುಸ್ತಕ ಸುಡುವವರು ಬೈಬಲ್ಲಿನಿಂದ ಎತ್ತಿ ಹೇಳುವ ಒಂದು ಪ್ರಸಂಗವಿದೆ. ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ. ಎಫೆಸ ಪಟ್ಟಣದಲ್ಲಿ ಮಾಟಮಂತ್ರ ನಡೆಸುತ್ತಿದ್ದ ಅನೇಕರು ತಮ್ಮ ಪುಸ್ತಕಗಳನ್ನು ತಂದು ಎಲ್ಲರ ಮುಂದೆ ಸುಟ್ಟರು. ಲೆಕ್ಕ ಹಾಕಿದರೆ ಬೆಲೆ 50,000 ಬೆಳ್ಳಿ ನಾಣ್ಯ ಆಯಿತು. ಈ ವಾಕ್ಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಸುಟ್ಟಿದ್ದು ತಮ್ಮ ಪುಸ್ತಕ. ತಮ್ಮ ದುಡ್ಡು. ಪಕ್ಕದ ಮನೆಯವರ ಕಪಾಟಿಗೆ ಯಾರೂ ಕೈ ಹಾಕಲಿಲ್ಲ. ನನ್ನ ಇಡೀ ವಾದ ಇಲ್ಲೇ ಇದೆ.

ಈಗ ಅರ್ಕನ್ಸಾಸ್ ರಾಜ್ಯದ ಸೀಡರ್‌ವಿಲ್ ಎಂಬ ಪುಟ್ಟ ಊರಿಗೆ ಹೋಗೋಣ. 2002ರಲ್ಲಿ ಹ್ಯಾರಿ ಪಾಟರ್ ಮೇಲೆ ದೂರು ಬಂತು. ನಿಯಮದ ಪ್ರಕಾರ ಲೈಬ್ರರಿ ಸಮಿತಿ ಕೂತು ನೋಡಿತು. 15 ಜನರಿದ್ದ ಆ ಸಮಿತಿ, ಒಬ್ಬರೂ ಬೇರೆ ಮಾತಾಡದೆ, ಪುಸ್ತಕ ಇರಲಿ ಅಂದಿತು. ಆದರೆ ಮೇಲಿನ ಶಾಲಾ ಮಂಡಳಿ 3-2 ಮತದಿಂದ ಅದನ್ನು ತಳ್ಳಿಹಾಕಿತು. ಗಮನಿಸಿ, ಮಂಡಳಿ ಪುಸ್ತಕವನ್ನು ನಿಷೇಧ ಮಾಡಲಿಲ್ಲ. ತೆರೆದ ಕಪಾಟಿನಿಂದ ತೆಗೆದು ಮಕ್ಕಳ ಕಣ್ಣಿಗೆ ಬೀಳದ ಕಡೆ ಇಡಿ, ಅಪ್ಪ ಅಮ್ಮ ಸಹಿ ಹಾಕಿದ ಚೀಟಿ ತಂದವರಿಗೆ ಮಾತ್ರ ಕೊಡಿ ಅಂದಿತು.

ಕೇಳಲು ಎಷ್ಟು ನ್ಯಾಯವಾಗಿದೆ! ಬೇಕಾದವರು ಸಹಿ ತರಲಿ, ಬೇಡವಾದವರು ಬಿಡಲಿ. ನನ್ನ ಎಷ್ಟೋ ಸ್ನೇಹಿತರು ಇದರಲ್ಲಿ ಏನು ತಪ್ಪು ಎಂದು ಕೇಳಿದ್ದಾರೆ. ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ಅಪ್ಪ ಅಮ್ಮ ಇದರ ವಿರುದ್ಧ ಕೋರ್ಟಿಗೆ ಹೋದರು. ಮಂಡಳಿಯ ಕಡೆಯವರು, ಇವರು ಸಹಿ ಹಾಕಿದರೆ ಮುಗೀತು, ನಷ್ಟವೇನು ಎಂದು ವಾದಿಸಿದರು. 2003ರ ಏಪ್ರಿಲ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಮುಚ್ಚಿಟ್ಟ ಪುಸ್ತಕವನ್ನು ಕೇಳಿ ತೆಗೆದುಕೊಳ್ಳುವ ಮಗುವಿಗೆ ಒಂದು ಕಳಂಕ ಅಂಟುತ್ತದೆ, ಅದೂ ಒಂದು ಭಾರವೇ ಎಂದರು. ಹತ್ತು ವರ್ಷದ ಹುಡುಗಿ ಲೈಬ್ರರಿಯನ್ ಮೇಜಿನ ಮುಂದೆ ಚೀಟಿ ಹಿಡಿದು ನಿಂತರೆ ಸಾಲಿನಲ್ಲಿರುವ ಉಳಿದ ಮಕ್ಕಳು ಏನಂದುಕೊಳ್ಳುತ್ತಾರೆ ಹೇಳಿ. ಆ ಚೀಟಿಯ ಕೆಲಸವೇ ಅದು. ಮಂಡಳಿಯ ಮೂವರು, ಪುಸ್ತಕ ಓದಿದರೆ ಮಕ್ಕಳು ದೊಡ್ಡವರ ಮಾತು ಕೇಳುವುದಿಲ್ಲ ಎಂದೂ ಹೇಳಿದ್ದರು. ಹಾಗೆ ಕೆಟ್ಟ ಒಂದು ಮಗುವನ್ನಾದರೂ ತೋರಿಸಲು ಅವರಿಂದ ಆಗಲಿಲ್ಲ. ಪುಸ್ತಕಗಳು ಕಪಾಟಿಗೆ ವಾಪಸ್ ಬಂದವು.

ಈ ತೀರ್ಪಿನ ಹಿಂದೆ 1982ರ ಒಂದು ಸುಪ್ರೀಂ ಕೋರ್ಟ್ ತೀರ್ಪಿತ್ತು. ಪೀಕೊ ಪ್ರಕರಣ ಎಂದು ಹೆಸರು. ಒಂದು ಪುಸ್ತಕದ ವಿಚಾರ ಇಷ್ಟವಿಲ್ಲ ಎಂಬ ಒಂದೇ ಕಾರಣಕ್ಕೆ ಶಾಲಾ ಮಂಡಳಿ ಅದನ್ನು ಲೈಬ್ರರಿಯಿಂದ ತೆಗೆಯುವಂತಿಲ್ಲ ಎಂದು ನ್ಯಾಯಮೂರ್ತಿ ಬ್ರೆನನ್ ಬರೆದರು. 5-4ರ ತೀರ್ಪು, ಆ ಐವರೂ ಕಾರಣಗಳಲ್ಲಿ ಒಂದೇ ಮನಸ್ಸಿನವರಲ್ಲ, ಹಾಗಾಗಿ ಅಡಿಪಾಯ ಅಷ್ಟು ಗಟ್ಟಿ ಇಲ್ಲ. ಆದರೆ ಒಂದು ವ್ಯತ್ಯಾಸವನ್ನು ಅದು ಚೆನ್ನಾಗಿ ಹಿಡಿಯಿತು. ತರಗತಿಯಲ್ಲಿ ಓದು ಅಂದರೆ ಓದಲೇಬೇಕು. ಲೈಬ್ರರಿಯಲ್ಲಿ ಯಾರೂ ಬಲವಂತ ಮಾಡುವುದಿಲ್ಲ.

ತರಗತಿ ಅಂದೆನಲ್ಲ, ಅಲ್ಲಿ ನಾನು ಬೇರೆ ಪಕ್ಷ. 1983ರಲ್ಲಿ ಟೆನೆಸ್ಸಿಯ ಹಾಕಿನ್ಸ್ ಕೌಂಟಿಯಲ್ಲಿ ಕೆಲವು ಕ್ರೈಸ್ತ ಕುಟುಂಬಗಳು ಶಾಲೆಯ ವಾಚನ ಪುಸ್ತಕಗಳ ಮೇಲೆ ತಕರಾರು ತೆಗೆದವು. ತಕರಾರುಗಳನ್ನು 17 ಬಗೆಯಾಗಿ ವಿಂಗಡಿಸಿದ್ದರು. ಮ್ಯಾಜಿಕ್, ಜೀವವಿಕಾಸ, ಯುದ್ಧವಿರೋಧ, ಹೀಗೆ. ಅವರು ಕೇಳಿದ್ದೇನು? ಪುಸ್ತಕ ತೆಗೆಯಿರಿ ಎಂದಲ್ಲ. ನಮ್ಮ ಮಕ್ಕಳಿಗೆ ಬೇರೆ ಪುಸ್ತಕ ಕೊಡಿ ಎಂದು. ಮೊದಲು ಕೆಲವು ಶಾಲೆಗಳು ಒಪ್ಪಿ ನಡೆಸಿಕೊಂಡೂ ಹೋದವು. ಆಮೇಲೆ ಮಂಡಳಿ ಅದನ್ನು ನಿಲ್ಲಿಸಿ, ಓದಲು ಒಪ್ಪದ ಮಕ್ಕಳನ್ನು ಸಸ್ಪೆಂಡ್ ಮಾಡಿತು. 1986ರಲ್ಲಿ ಕೆಳ ಕೋರ್ಟಿನಲ್ಲಿ ಕುಟುಂಬಗಳು ಗೆದ್ದವು. 1987ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿತು. ಓದಿ ಎಂದರೆ ನಂಬಿ ಎಂದಲ್ಲ, ಹಾಗಾಗಿ ಧರ್ಮಕ್ಕೆ ತೊಂದರೆ ಇಲ್ಲ ಎಂದಿತು. ಕಾನೂನಿನ ಮಾತು ಏನೇ ಇರಲಿ, ಆ ಮಕ್ಕಳನ್ನು ಹೊರಗೆ ಕಳಿಸಿದ್ದು ದೊಡ್ಡ ತಪ್ಪು ಎಂದೇ ನನ್ನ ಅನಿಸಿಕೆ. ಓದು ಕಲಿಸಲು ಅದೇ ಕತೆ ಬೇಕಾ? ತಮ್ಮ ಮಗುವಿನ ಬಗ್ಗೆ ಮಾತ್ರ ಕೇಳಿದವರಿಗೆ ಬಾಗಿಲು ಹಾಕಿದರೆ, ಮುಂದಿನ ಸಲ ಅವರು ಎಲ್ಲರ ಮಕ್ಕಳ ಬಗ್ಗೆ ಕೇಳಲು ಸಂಘಟನೆ ಕಟ್ಟಿಕೊಂಡು ಬರುತ್ತಾರೆ.

ಬಂದೂ ಬಂದರು. ಈಗ ಮಾಟಮಂತ್ರದ ಮಾತು ಕಡಿಮೆ. ಲೈಂಗಿಕತೆ ಮತ್ತು ಲಿಂಗದ ವಿಷಯ ಜಾಸ್ತಿ. 2023-24ರ ಶಾಲಾ ವರ್ಷದಲ್ಲಿ ಬರಹಗಾರರ ಸ್ವಾತಂತ್ರ್ಯಕ್ಕಾಗಿ ಕೆಲಸ ಮಾಡುವ ಪೆನ್ ಅಮೆರಿಕ ಸಂಸ್ಥೆ ಅಮೆರಿಕದ ಶಾಲೆಗಳಲ್ಲಿ 10,046 ಪುಸ್ತಕ ನಿಷೇಧಗಳನ್ನು ದಾಖಲಿಸಿದೆ. ಯೂಟಾ ರಾಜ್ಯದಲ್ಲಿ ಕೆಲವೇ ಶಾಲಾ ಜಿಲ್ಲೆಗಳು, ಅಂದರೆ ಒಂದೊಂದು ಪ್ರದೇಶದ ಶಾಲೆಗಳನ್ನು ನಡೆಸುವ ಆಡಳಿತಗಳು, ಒಂದು ಪುಸ್ತಕವನ್ನು ತೆಗೆದರೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳು ತೆಗೆಯಬೇಕು. ಮೂರು ಜಿಲ್ಲೆ ಸಾಕು. 2024ರಲ್ಲಿ ಬಂದ ಮೊದಲ ಪಟ್ಟಿಯಲ್ಲಿ 13 ಪುಸ್ತಕ, ಅದರಲ್ಲಿ 6 ಒಬ್ಬರೇ ಫ್ಯಾಂಟಸಿ ಲೇಖಕಿಯವು. ಅವು ಪುಟ್ಟ ಮಕ್ಕಳ ಪುಸ್ತಕಗಳಲ್ಲ, ಒಪ್ಪುತ್ತೇನೆ. ಆದರೂ ಮೂರು ಜಿಲ್ಲೆಯವರು ಇಡೀ ರಾಜ್ಯದ ಅಪ್ಪ ಅಮ್ಮಂದಿರ ಪರವಾಗಿ ತೀರ್ಮಾನ ಮಾಡಿದ್ದು ನನಗೆ ಒಪ್ಪಿಗೆಯಿಲ್ಲ.

ಕೊನೆಯದಾಗಿ 2025ರ ಜೂನ್ 27ರ ತೀರ್ಪು. ಮೇರಿಲ್ಯಾಂಡಿನ ಮಾಂಟ್‌ಗಮರಿ ಕೌಂಟಿಯ ಶಾಲೆಗಳಲ್ಲಿ ಸಲಿಂಗಿಗಳ ಕತೆಯಿದ್ದ ಪುಸ್ತಕಗಳನ್ನು ಓದಿಸುತ್ತಿದ್ದರು. ಮುಸ್ಲಿಂ ಮತ್ತು ಕ್ರೈಸ್ತ ಪೋಷಕರು ನಮ್ಮ ಮಕ್ಕಳನ್ನು ಆ ಹೊತ್ತಿಗೆ ಹೊರಗೆ ಬಿಡಿ ಎಂದು ಕೇಳಿದರು. ಮೊದಲು ಬಿಡುತ್ತಿದ್ದ ಶಾಲೆಗಳು, ಕೇಳುವವರು ಜಾಸ್ತಿಯಾದರು ಎಂದು 2023ರಲ್ಲಿ ನಿಲ್ಲಿಸಿದ್ದವು. ಸುಪ್ರೀಂ ಕೋರ್ಟ್ 6-3ರಲ್ಲಿ ಪೋಷಕರ ಪರ ನಿಂತಿತು. ಮೊದಲೇ ತಿಳಿಸಿ, ಬೇಡ ಅಂದವರ ಮಕ್ಕಳನ್ನು ಬಿಡಿ ಎಂದಿತು. ಬರೀ ಓದಿಸಿದರೆ ಧರ್ಮಕ್ಕೆ ಏನೂ ಆಗಲ್ಲ ಅನ್ನುವ 1987ರ ತರ್ಕ ಇನ್ನು ಮೊದಲಿನಷ್ಟು ನಡೆಯುವುದಿಲ್ಲ.

ಟೆನೆಸ್ಸಿ ಕುಟುಂಬಗಳ ಪರ ಮಾತಾಡಿದ ಮೇಲೆ ನಾನು ಇದನ್ನು ಸ್ವಾಗತಿಸಬೇಕು. ಅರ್ಧ ಮನಸ್ಸಿನಿಂದ ಸ್ವಾಗತಿಸುತ್ತೇನೆ. ಉಳಿದ ಅರ್ಧ ಮನಸ್ಸು ಟೀಚರ್ ಬಗ್ಗೆ ಯೋಚಿಸುತ್ತದೆ. ಅವರ ಮುಂದೆ ಆ 17 ಬಗೆಯ ತಕರಾರು ಇಟ್ಟರೆ ಏನು ಮಾಡುತ್ತಾರೆ? ಪ್ರತಿ ಕತೆಗೂ ಪತ್ರ ಬರೆದು, ಯಾರನ್ನು ಹೊರಗೆ ಕೂರಿಸಬೇಕು ಎಂದು ಪಟ್ಟಿ ಮಾಡುತ್ತಾ ಕೂರುತ್ತಾರಾ? ಮಾಟಗಾತಿ ಇಲ್ಲದ, ಯಾರೂ ದೂರು ಕೊಡದ, ಸಪ್ಪೆ ಪುಸ್ತಕವೊಂದನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ದೂರು ಬೇಡ, ಸಮಿತಿ ಬೇಡ, 3-2ರ ಮತವೂ ಬೇಡ. ಸೀಡರ್‌ವಿಲ್ ಪೋಷಕರಿಗೆ ಕೋರ್ಟಿಗೆ ಹೋಗಲು ಒಂದು ಆದೇಶವಾದರೂ ಕೈಯಲ್ಲಿತ್ತು. ಟೀಚರ್ ಆರಿಸದೇ ಬಿಟ್ಟ ಪುಸ್ತಕದ ಮೇಲೆ ಯಾರು, ಎಲ್ಲಿಗೆ ಹೋಗಬೇಕು? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮಲ್ಲಿ ಪಾಠ ಮಾಡುವವರು ಇದ್ದರೆ ಮೊದಲ ಪ್ರಶ್ನೆ ಅವರಿಂದಲೇ ಬರಲಿ.