18 ವಾರ ನಡೆದ ನಾಟಕದ ಸಂಗೀತ ಎಲ್ಲಿ ಹೋಯಿತು?

ನಮಸ್ಕಾರ. 1923ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂ ರಸ್ತೆಯ ರಂಗಮಂದಿರವೊಂದರಲ್ಲಿ ‘ಡಿ ಗೋಲ್ಡೆನೆ ಕಾಲೆ’ ಎಂಬ ಯಿಡ್ಡಿಷ್ ಸಂಗೀತ ನಾಟಕ ಆರಂಭವಾಯಿತು. ಹೆಸರಿನ ಅರ್ಥ ‘ಬಂಗಾರದ ಮದುಮಗಳು’. ಸಂಗೀತ ಜೋಸೆಫ್ ರುಮ್‌ಶಿನ್ಸ್ಕಿಯವರದು. ನಾಟಕ 18 ವಾರ ನಡೆಯಿತು, ಆಮೇಲೆ ಬೇರೆ ಊರುಗಳನ್ನೂ ಸುತ್ತಿತು. ಅಷ್ಟು ಜನ ಕೇಳಿದ, ವಾದ್ಯಗಾರರು ತಿಂಗಳುಗಟ್ಟಲೆ ನುಡಿಸಿದ ಈ ಸಂಗೀತವನ್ನು ಕೆಲವು ದಶಕಗಳ ನಂತರ ಮತ್ತೆ ನುಡಿಸಬೇಕೆಂದು ಹೊರಟವರಿಗೆ ಅದರ ಪೂರ್ಣ ಸ್ವರಲಿಪಿ ಒಂದೇ ಕಡೆ ಸಿಗಲಿಲ್ಲ. ಗೆದ್ದ ನಾಟಕದ ಸಂಗೀತ ಹೀಗೆ ಚೂರುಚೂರಾಗುವುದು ಹೇಗೆ ಎಂಬುದೇ ಇಂದಿನ ಪ್ರಶ್ನೆ.

ಹಿನ್ನೆಲೆಯನ್ನು ಬೇಗ ಮುಗಿಸೋಣ. ಯಿಡ್ಡಿಷ್ ಎಂಬುದು ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಜರ್ಮನ್ ಬಳಗಕ್ಕೆ ಸೇರಿದ ಈ ನುಡಿಯನ್ನು ಹೀಬ್ರೂ ಅಕ್ಷರಗಳಲ್ಲಿ ಬರೆಯುತ್ತಾರೆ. 1876ರಲ್ಲಿ ರೊಮೇನಿಯಾದ ಯಾಶ್ ನಗರದಲ್ಲಿ, ಜನ ವೈನ್ ಕುಡಿಯಲು ಸೇರುತ್ತಿದ್ದ ತೋಟವೊಂದರಲ್ಲಿ, ಅಬ್ರಹಾಂ ಗೋಲ್ಡ್‌ಫಾಡೆನ್ ಎಂಬ ಕವಿ ಹಾಡುಗಾರರನ್ನು ಕೂಡಿಸಿಕೊಂಡು ನಾಟಕವಾಡಿಸಿದ್ದನ್ನು ವೃತ್ತಿಪರ ಯಿಡ್ಡಿಷ್ ರಂಗಭೂಮಿಯ ಹುಟ್ಟೆಂದು ಎಣಿಸಲಾಗುತ್ತದೆ. 1883ರಲ್ಲಿ ರಷ್ಯದ ಸರ್ಕಾರ ಯಿಡ್ಡಿಷ್ ನಾಟಕಗಳನ್ನು ನಿಷೇಧಿಸಿದ್ದರಿಂದ ಕಲಾವಿದರು ಲಂಡನ್ನಿಗೂ ನ್ಯೂಯಾರ್ಕಿಗೂ ಗಂಟುಮೂಟೆ ಕಟ್ಟಿದರು.

ಈ ಗೋಲ್ಡ್‌ಫಾಡೆನ್‌ಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಯಹೂದಿ ಪ್ರಾರ್ಥನಾ ಮಂದಿರದ ಗಾಯನ, ಇಟಾಲಿಯನ್ ಒಪೆರಾ, ಸುತ್ತಲಿನ ಹಳ್ಳಿಗರ ಪದಗಳು, ಹೀಗೆ ಕಿವಿಗೆ ಬಿದ್ದ ಎಲ್ಲ ಮಟ್ಟುಗಳನ್ನೂ ಎತ್ತಿಕೊಂಡು ತಮ್ಮ ಸಾಹಿತ್ಯಕ್ಕೆ ಹೊಂದಿಸುತ್ತಿದ್ದರು. ಬರೆದುಕೊಳ್ಳುವ ಕೆಲಸ ಬೇರೆಯವರದು. ಅವರ ‘ಶುಲಾಮಿಸ್’ ನಾಟಕದ ‘ರೋಝಿನ್ಕೆಸ್ ಮಿಟ್ ಮಾಂಡ್ಲೆನ್’, ಅಂದರೆ ‘ಒಣದ್ರಾಕ್ಷಿ ಮತ್ತು ಬಾದಾಮಿ’ ಎಂಬ ಜೋಗುಳ ಹಳೆಯ ಜನಪದ ಜೋಗುಳವೊಂದನ್ನು ಆಧರಿಸಿದ್ದು. ರಂಗದಿಂದ ಅದು ಮತ್ತೆ ಮನೆಮನೆಯ ತೊಟ್ಟಿಲಿಗೆ ಹಿಂತಿರುಗಿತು. ಈಗ ಅದು ನಾಟಕದ ಹಾಡೆಂದು ತಿಳಿಯದೆ ಹಾಡುವವರೇ ಹೆಚ್ಚು.

[ಪರದೆಯ ಮೇಲೆ: ಹಳೆಯ ಶೀಟ್ ಮ್ಯೂಸಿಕ್ ಹಾಳೆಯ ಸಮೀಪನೋಟ]

ಈಗ ನನಗೆ ಬಹಳ ಇಷ್ಟವಾದ ಸಂಗತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದನ್ನು ದಯವಿಟ್ಟು ಸಹಿಸಿಕೊಳ್ಳಿ. ಪಾಶ್ಚಾತ್ಯ ಸ್ವರಲಿಪಿ ಎಡದಿಂದ ಬಲಕ್ಕೆ ಸಾಗುತ್ತದೆ. ಹೀಬ್ರೂ ಅಕ್ಷರಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಹಾಗಾದರೆ ಯಿಡ್ಡಿಷ್ ಹಾಡೊಂದನ್ನು ಅಚ್ಚು ಹಾಕುವಾಗ ಸ್ವರಗಳ ಕೆಳಗೆ ಸಾಹಿತ್ಯವನ್ನು ಕೂರಿಸುವುದು ಹೇಗೆ? ‘ರೋ’, ‘ಝಿನ್’, ‘ಕೆಸ್’ ಎಂಬ ಮೂರು ತುಂಡುಗಳನ್ನು ಸ್ವರಗಳ ಕ್ರಮದಲ್ಲಿಯೇ ಇಟ್ಟರೆ, ಬಲದಿಂದ ಓದಿ ರೂಢಿಯಾದ ಕಣ್ಣು ಅದನ್ನು ‘ಕೆಸ್‌ಝಿನ್‌ರೋ’ ಎಂದು ಓದುತ್ತದೆ. ತೊಟ್ಟಿಲಲ್ಲಿರುವ ಮಗು ಎಚ್ಚರಗೊಳ್ಳಲು ಅಷ್ಟು ಸಾಕು. ಹೀಬ್ರೂ ಹಾಡುಗಳಿಗಾಗಿ ಸ್ವರಲಿಪಿಯನ್ನೇ ಬಲದಿಂದ ಎಡಕ್ಕೆ ತಿರುಗಿಸಿ ಅಚ್ಚು ಮಾಡಿದವರೂ ಇದ್ದಾರೆ. ನ್ಯೂಯಾರ್ಕಿನ ಪ್ರಕಾಶಕರು ಸಾಮಾನ್ಯವಾಗಿ ಹಿಡಿದದ್ದು ಸುಲಭದ ದಾರಿ: ಸ್ವರಗಳ ಕೆಳಗೆ ಯಿಡ್ಡಿಷ್ ಮಾತನ್ನು ರೋಮನ್ ಲಿಪಿಯಲ್ಲಿ ಬಿಡಿಸಿ ಹಾಕಿದರು, ಹೀಬ್ರೂ ಅಕ್ಷರಗಳ ಪೂರ್ಣ ಸಾಹಿತ್ಯವನ್ನು ಬೇರೆಯಾಗಿ ಕೊಟ್ಟರು. ಆದರೆ ಆ ರೋಮನ್ ಕಾಗುಣಿತ ಅನೇಕ ಕಡೆ ಮಾತಿನ ಯಿಡ್ಡಿಷ್ ಅನ್ನು ಬಿಟ್ಟು ಜರ್ಮನ್ನಿನ ಕಡೆಗೆ ವಾಲುತ್ತಿತ್ತು, ಯಾಕೆಂದರೆ ಜರ್ಮನ್ನಿನಂತೆ ಕಂಡರೆ ಗೌರವ ಹೆಚ್ಚೆಂಬ ಭಾವನೆ ಆಗ ಇತ್ತು. ಹೀಗಾಗಿ ಇಂದು ಆ ಹಾಳೆಯನ್ನು ಹಿಡಿದ ಗಾಯಕಿ ಪ್ರತಿ ಸಾಲಿನಲ್ಲೂ ನಿಂತು, ಇದು ರಂಗದ ಮೇಲೆ ನಿಜವಾಗಿ ಕೇಳಿಬರುತ್ತಿದ್ದ ಉಚ್ಚಾರವೋ ಅಥವಾ ಅಚ್ಚಿನ ಮನೆಯವರ ಪ್ರತಿಷ್ಠೆಯೋ ಎಂದು ಯೋಚಿಸಬೇಕಾಗುತ್ತದೆ.

ಇಷ್ಟಾದರೂ ಅಚ್ಚಾದ ಹಾಡುಗಳು ಪುಣ್ಯವಂತವು. ಅವು ಮನೆಯ ಪಿಯಾನೊ ಮೇಲೆ ಇರಲೆಂದು ಸಾವಿರಗಟ್ಟಲೆ ಮಾರಾಟವಾದವು, ಹಕ್ಕಿನ ನೋಂದಣಿಗೆಂದು ಒಂದೊಂದು ಪ್ರತಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. ಅಪಾಯವಿದ್ದದ್ದು ರಂಗದ ಕೆಳಗೆ ಕೂತ ವಾದ್ಯವೃಂದದ ಕಾಗದಗಳಿಗೆ. ಪಿಟೀಲಿನವನ ಮುಂದೆ ಪಿಟೀಲಿನ ಸಾಲು ಮಾತ್ರ, ಕ್ಲಾರಿನೆಟ್ಟಿನವನ ಮುಂದೆ ಅವನ ಸಾಲು ಮಾತ್ರ ಇರುತ್ತಿತ್ತು. ವಾದ್ಯವೃಂದ ನಡೆಸುವವರು ಪಿಯಾನೊಗೆಂದು ಸಂಕ್ಷೇಪಿಸಿದ ಪ್ರತಿಯೊಂದರಿಂದಲೇ ಕೆಲಸ ಸಾಗಿಸುತ್ತಿದ್ದರು. ಎಲ್ಲ ವಾದ್ಯಗಳನ್ನೂ ಒಟ್ಟಿಗೆ ತೋರಿಸುವ ಪೂರ್ಣ ಪ್ರತಿ ಅವರ ದಿನನಿತ್ಯದ ಕೆಲಸಕ್ಕೆ ಬೇಕಾಗಿರಲಿಲ್ಲ, ಮತ್ತು ನಾಳಿನ ಪ್ರದರ್ಶನದ ಆಚೆಗೆ ಯೋಚಿಸುವ ಪುರುಸೊತ್ತು ಯಾವ ಕಂಪನಿಗೂ ಇರುವುದಿಲ್ಲ.

‘ಬಂಗಾರದ ಮದುಮಗಳು’ ಮರಳಿದ್ದು ಇಂಥ ಬಿಡಿ ಕಾಗದಗಳಿಂದಲೇ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗೀತ ಗ್ರಂಥಾಲಯದ ಮುಖ್ಯಸ್ಥರಾಗಿದ್ದ ಮೈಕೆಲ್ ಓಕ್ಸ್ ಅವರಿಗೆ ಅಲ್ಲಿ ಈ ನಾಟಕದ ಗಾಯನದ ಪ್ರತಿ ಕಣ್ಣಿಗೆ ಬಿತ್ತು. ವಾದ್ಯಗಳ ಬಿಡಿ ಹಾಳೆಗಳು ಖಂಡದ ಇನ್ನೊಂದು ತುದಿಯಲ್ಲಿ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದ್ದವು. ಇವನ್ನು ಸಾಲಿಗೆ ಸಾಲು ಹೊಂದಿಸಿ ಅವರು ಪೂರ್ಣ ಸ್ವರಲಿಪಿ ಕಟ್ಟಿದರು. 1915ರಲ್ಲಿ ಸ್ಥಾಪನೆಯಾದ ಫೋಕ್ಸ್‌ಬೀನೆ ರಂಗತಂಡ ಸರಿಯಾಗಿ ನೂರು ವರ್ಷದ ನಂತರ, 2015ರಲ್ಲಿ, ನ್ಯೂಯಾರ್ಕಿನಲ್ಲಿ ಅದನ್ನು ಪ್ರದರ್ಶಿಸಿತು.

[ಪರದೆಯ ಮೇಲೆ: ವಿಲ್ನಾ ನಗರದ ನಕ್ಷೆ]

ಯುರೋಪಿನ ಕಾಗದಗಳ ಕಥೆಯನ್ನು ಇಷ್ಟು ಹಗುರವಾಗಿ ಹೇಳಲಾಗದು. 1925ರಲ್ಲಿ ವಿಲ್ನಾದಲ್ಲಿ, ಅಂದರೆ ಇಂದಿನ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ, ಆರಂಭವಾದ ಯೀವೊ ಎಂಬ ಯಿಡ್ಡಿಷ್ ಸಂಶೋಧನಾ ಸಂಸ್ಥೆ ನಟಿ ಎಸ್ತರ್ ರೋಖ್ಲ್ ಕಾಮಿನ್ಸ್ಕಾ ಅವರ ಹೆಸರಿನ ರಂಗಭೂಮಿ ಸಂಗ್ರಹವನ್ನು ಕಾಪಾಡುತ್ತಿತ್ತು. ನಾಜಿಗಳು ಬಂದಾಗ ಸಂಸ್ಥೆಯ ಸಂಗ್ರಹಗಳಲ್ಲಿ ಒಂದು ಭಾಗವನ್ನು ಜರ್ಮನಿಗೆ ಸಾಗಿಸಿ, ಉಳಿದದ್ದನ್ನು ಕಾಗದದ ಗಿರಣಿಗೆ ಹಾಕಲು ನಿರ್ಧರಿಸಿದರು, ಮತ್ತು ಆ ವಿಂಗಡಣೆಯ ಕೆಲಸಕ್ಕೆ ಘೆಟ್ಟೊದಲ್ಲಿ, ಅಂದರೆ ತಾವೇ ಬೇಲಿ ಹಾಕಿ ಕೂಡಿಹಾಕಿದ್ದ ಕೇರಿಯಲ್ಲಿ, ಇದ್ದ ಯಹೂದಿಗಳನ್ನೇ ಹಚ್ಚಿದರು. ಕವಿ ಅವ್ರೋಮ್ ಸುತ್ಸ್‌ಕೇವರ್ ಅವರೂ ಇದ್ದ ಆ ಗುಂಪು ಜೀವದ ಹಂಗು ತೊರೆದು ಹಸ್ತಪ್ರತಿಗಳನ್ನು ಬಟ್ಟೆಯೊಳಗೆ ಅಡಗಿಸಿ ಹೊರಗೆ ತಂದಿತು. ಜರ್ಮನಿಯಲ್ಲಿ ಸಿಕ್ಕ ಭಾಗ 1947ರಲ್ಲಿ, ಅಷ್ಟರಲ್ಲಿ ನ್ಯೂಯಾರ್ಕಿಗೆ ನೆಲೆ ಬದಲಿಸಿದ್ದ ಯೀವೊ ಸೇರಿತು. ಕಾಗದ ಬಂತು; ಅದನ್ನು ಹಾಡಬಲ್ಲ ಜನರಲ್ಲಿ ಬಹುಪಾಲು ಬದುಕಿರಲಿಲ್ಲ.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. 78 ಸುತ್ತಿನ ಗ್ರಾಮಫೋನ್ ತಟ್ಟೆಗಳನ್ನು ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹಾಲಯ ಡಿಜಿಟಲ್ ರೂಪಕ್ಕೆ ತರುತ್ತಿದೆ. ತಟ್ಟೆಯ ಒಂದು ಬದಿ ಸುಮಾರು 3 ನಿಮಿಷಕ್ಕೇ ಮುಗಿಯುವುದರಿಂದ ಅದರಲ್ಲಿ ಸಿಗುವುದು ಕತ್ತರಿಸಿದ ಹಾಡುಗಳೇ. 1990ರಲ್ಲಿ ಆರಂಭವಾದ, ಯಹೂದಿ ಸಂಗೀತದ ಸಂಗ್ರಹವಾದ ಮಿಲ್ಕೆನ್ ಆರ್ಕೈವ್ ಅನೇಕ ರಂಗಗೀತೆಗಳನ್ನು ವಾದ್ಯವೃಂದದೊಡನೆ ಹೊಸದಾಗಿ ಧ್ವನಿಮುದ್ರಿಸಿದೆ. ಸಂಗೀತಗಾರ ಶೋಲಂ ಸೆಕುಂಡಾ 1932ರ ಯಿಡ್ಡಿಷ್ ನಾಟಕವೊಂದಕ್ಕೆ ಬರೆದ ‘ಬೈ ಮಿರ್ ಬಿಸ್ತು ಶೇನ್’ ಹಾಡಿನ ಹಕ್ಕು 30 ಡಾಲರಿಗೆ ಮಾರಾಟವಾಗಿ, ಗೀತಕಾರನ ಜೊತೆ ಹಂಚಿಕೊಂಡ ಮೇಲೆ ಅವರಿಗೆ ದಕ್ಕಿದ್ದು 15 ಡಾಲರ್. 1937ರಲ್ಲಿ ಆಂಡ್ರ್ಯೂಸ್ ಸಹೋದರಿಯರು ಅದನ್ನು ಇಂಗ್ಲಿಷಿನಲ್ಲಿ ಹಾಡಿ ಜಗತ್ಪ್ರಸಿದ್ಧಗೊಳಿಸಿದರು; ತಟ್ಟೆಯ ಮೇಲೆ ಅಚ್ಚಾದ ಹೆಸರಿಗೆ ಆಗಲೂ ಜರ್ಮನ್ ಕಾಗುಣಿತವನ್ನೇ ತೊಡಿಸಿದ್ದರು.

ಇಂದು ಈ ನಾಟಕಗಳಲ್ಲಿ ಹಾಡುವ ಅನೇಕ ಕಲಾವಿದರಿಗೆ ಯಿಡ್ಡಿಷ್ ಬಾರದು, ಹೀಬ್ರೂ ಅಕ್ಷರಗಳೂ ಬಾರವು. ಪ್ರತಿ ಮಾತಿನ ಅರ್ಥವನ್ನು ಕೇಳಿ ತಿಳಿದುಕೊಂಡು, ರೋಮನ್ ಲಿಪಿಯಲ್ಲಿ ಬರೆದುಕೊಟ್ಟ ಸಾಲುಗಳನ್ನು ಎಡದಿಂದ ಬಲಕ್ಕೆ ಓದಿ ಬಾಯಿಪಾಠ ಮಾಡುತ್ತಾರೆ.