ಶಾರ್ಕು, ತೊರಕೆಗಳ ಸಂತಾನದ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಜಾವಾ ದ್ವೀಪದ ಬಟಾವಿಯಾದಲ್ಲಿ, ಅಂದರೆ ಇವತ್ತಿನ ಜಕಾರ್ತಾದಲ್ಲಿ, 1862ನೇ ಇಸವಿಯಲ್ಲಿ ಮೀನು ಮಾರುಕಟ್ಟೆಯಿಂದ ಇಂಗ್ಲಿಷಿನಲ್ಲಿ ರೇ ಎನ್ನುವ ತೊರಕೆ ಮೀನು, ಅದರಲ್ಲೂ ಚಿಕ್ಕದೊಂದನ್ನು ವಿಜ್ಞಾನಿಗಳ ಸಂಗ್ರಹಕ್ಕೆಂದು ತೆಗೆದುಕೊಂಡರು. ಅಂಥ ಇನ್ನೊಂದು ಮೀನು ಆಮೇಲೆ ಯಾರ ಕೈಗೂ ಸಿಗಲಿಲ್ಲ. ಹುಡುಕಾಟ ನಡೆಯಿತು, ಸುತ್ತಲಿನ ಬಂದರುಗಳಿಗೆ ಬಂದ ಮೀನಿನ ರಾಶಿಗಳನ್ನೂ ನೋಡಿದ್ದಾಯಿತು. ಕೊನೆಗೆ 2023ರ ಡಿಸೆಂಬರಿನಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟ ಈ ಜಾವಾ ತೊರಕೆ ಅಳಿದುಹೋಗಿದೆ ಎಂದು ಘೋಷಿಸಿತು. ಮನುಷ್ಯನ ಕೆಲಸದಿಂದಾಗಿ ಕಣ್ಮರೆಯಾಯಿತು ಎಂದು ದಾಖಲಾದ ಮೊದಲ ಕಡಲ ಮೀನು ಇದು. ಆ ಸುದ್ದಿ ಎಷ್ಟು ಜನರ ಕಿವಿಗೆ ಬಿತ್ತೋ! ಅದೇ ಒಂದು ಶಾರ್ಕು ಯಾರದೋ ಕಾಲಿಗೆ ಬಾಯಿ ಹಾಕಿದ್ದರೆ ಲೋಕವೆಲ್ಲ ಅದೇ ಮಾತಾಗುತ್ತಿತ್ತು.

ಶಾರ್ಕು ಮತ್ತು ತೊರಕೆ ಒಂದೇ ಮನೆತನದವು. ಎರಡರ ಮೈಯಲ್ಲೂ ಮೂಳೆಯಿಲ್ಲ, ಇರುವುದು ಮೃದ್ವಸ್ಥಿ; ನಮ್ಮ ಹೊರಕಿವಿಯಲ್ಲಿ, ಮೂಗಿನ ತುದಿಯಲ್ಲಿ ಇರುವಂಥದ್ದು. ಈ ಮನೆತನದ ಪಳೆಯುಳಿಕೆಗಳು 40 ಕೋಟಿ ವರ್ಷಕ್ಕೂ ಹಿಂದಕ್ಕೆ ಹೋಗುತ್ತವೆ. ಆಗ ನೆಲದ ಮೇಲೆ ಕಾಡುಗಳೇ ಇರಲಿಲ್ಲ, ಡೈನೋಸಾರ್‌ಗಳಂತೂ ಬಹಳ ದೂರದ ಮಾತು. ಇವತ್ತು ಒಟ್ಟು 1,200ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಶಾರ್ಕುಗಳಿಗಿಂತ ತೊರಕೆಗಳೇ ಹೆಚ್ಚು. ಗುರುತು ಹಿಡಿಯಬೇಕೆಂದರೆ ಕಿವಿರಿನ ಸೀಳುಗಳನ್ನು ನೋಡಿ: ಶಾರ್ಕಿಗೆ ಅವು ಕತ್ತಿನ ಪಕ್ಕದಲ್ಲಿ, ತೊರಕೆಗೆ ಹೊಟ್ಟೆಯ ಕಡೆ. ತೊರಕೆಯ ಎದೆಯ ಈಜುರೆಕ್ಕೆಗಳು ತಲೆಗೇ ಕೂಡಿಕೊಂಡು ಮೈ ಮೊರದಂತೆ ಅಗಲವಾಗಿರುತ್ತದೆ. ಈ ಲೆಕ್ಕದಲ್ಲಿ ಗರಗಸ ಮೀನು, ನೋಡುವುದಕ್ಕೆ ಶಾರ್ಕಿನಂತೆ ಕಂಡರೂ, ತೊರಕೆಯ ಕಡೆಯದು.

ಇವುಗಳ ದೇಹದಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಮೂತಿಯ ಸುತ್ತ ಇರುವ ಸಣ್ಣ ಸಣ್ಣ ರಂಧ್ರಗಳು. ಒಳಗೆ ಜೆಲ್ಲಿಯಂಥ ದ್ರವ ತುಂಬಿದ ನಾಳಗಳಿವೆ. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ಇವನ್ನು ವಿವರವಾಗಿ ಬರೆದಿಟ್ಟ. ಆದರೆ ಇವು ಇರುವುದು ಏತಕ್ಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಸುಮಾರು ಮುನ್ನೂರು ವರ್ಷ ಕಳೆದ ಮೇಲೆ. ಆದ್ರಿಯಾನುಸ್ ಕಲ್ಮೈನ್ ಎಂಬ ಡಚ್ ವಿಜ್ಞಾನಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ಕೇಳಿ. ಚಪ್ಪಟೆ ಮೀನೊಂದನ್ನು ಅಗರ್ ಎಂಬ, ಕಡಲಕಳೆಯಿಂದ ಮಾಡಿದ ಜೆಲ್ಲಿಯ ಗೂಡಿನಲ್ಲಿಟ್ಟು ಮರಳಿನಲ್ಲಿ ಹೂತರು. ಗೂಡಿನೊಳಗೆ ಹರಿದ ನೀರು, ಅದರ ಜೊತೆ ಮೀನಿನ ವಾಸನೆ, ದೂರದಲ್ಲಿ ಹೊರಬರುವ ಹಾಗೆ ಏರ್ಪಾಡು. ಹಸಿದ ಶಾರ್ಕು ವಾಸನೆ ಬರುವ ಕಡೆ ಹೋಗಲಿಲ್ಲ, ನೇರ ಗೂಡಿನ ಮೇಲೆಯೇ ಎರಗಿತು. ಬದುಕಿದ ಮೀನಿನ ಬದಲು ಸತ್ತ ಮೀನಿನ ತುಂಡುಗಳನ್ನಿಟ್ಟಾಗ ಮಾತ್ರ ವಾಸನೆಯ ಬೆನ್ನುಹತ್ತಿತು. ಗೂಡಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೀನಿನ ಮೈಯಿಂದ ಹೊಮ್ಮುವ ವಿದ್ಯುತ್ತನ್ನು ತಡೆದಾಗ, ಒಳಗೆ ಜೀವಂತ ಮೀನಿದ್ದರೂ ಅದಕ್ಕೆ ಪತ್ತೆಯಾಗಲಿಲ್ಲ. ಕಡೆಗೆ ಮೀನನ್ನೇ ತೆಗೆದು, ಮೀನಿನಷ್ಟೇ ಸಣ್ಣ ವಿದ್ಯುತ್ ಸೂಸುವ ತಂತಿತುದಿಗಳನ್ನು ಹೂತಿಟ್ಟರು. ಶಾರ್ಕು ಬಂದು ಅದನ್ನೇ ಕೆದಕಿತು! ಉಸಿರಾಡುವ ಪ್ರತಿ ಜೀವಿಯ ಸುತ್ತ ಇರುವ ಮಂದ ವಿದ್ಯುತ್ತನ್ನು ಈ ಪ್ರಾಣಿ ಗ್ರಹಿಸುತ್ತದೆ. ಇಷ್ಟು ಅಚ್ಚುಕಟ್ಟಾದ ಪ್ರಯೋಗ ವಿಜ್ಞಾನದಲ್ಲೇ ಅಪರೂಪ.

ಗರಗಸ ಮೀನಿನ ಉದ್ದನೆಯ ಗರಗಸದ ತುಂಬ ಇಂಥದೇ ರಂಧ್ರಗಳಿವೆ. ಬೇಟೆಯನ್ನು ಅದರಿಂದಲೇ ಪತ್ತೆಹಚ್ಚುತ್ತದೆ, ಅದರಿಂದಲೇ ಬೀಸಿ ಹೊಡೆಯುತ್ತದೆ. ಆದರೆ ಬಲೆಯ ನೈಲಾನ್ ದಾರ ಜೀವವಿದ್ದಂತೆ ವಿದ್ಯುತ್ ಸೂಸುವುದಿಲ್ಲ. ಹಲ್ಲುಹಲ್ಲಾದ ಆ ಗರಗಸ ಬಲೆಗೆ ಒಮ್ಮೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಗರಗಸ ಮೀನಿನ ಐದು ಜಾತಿಗಳೂ ಇವತ್ತು ಅಪಾಯದಲ್ಲಿವೆ.

ಇನ್ನು ಸಂತಾನದ ವಿಚಾರಕ್ಕೆ ಬರೋಣ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಕಾಡ್ ಮೀನಿನಂಥ ಮೂಳೆಮೀನು ಒಂದೇ ಋತುವಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇಟ್ಟು, ಉಳಿದದ್ದು ಉಳಿಯಲಿ ಎಂದು ನೀರಿಗೆ ಬಿಡುತ್ತದೆ. ಶಾರ್ಕು, ತೊರಕೆಗಳ ದಾರಿಯೇ ಬೇರೆ. ಕೆಲವು ಜಾತಿಗಳು ತೊಗಲಿನಂಥ ಕವಚದಲ್ಲಿ ಒಂದೋ ಎರಡೋ ಮೊಟ್ಟೆ ಇಡುತ್ತವೆ. ಬಹುಪಾಲು ಮರಿ ಹಾಕುತ್ತವೆ. ಮ್ಯಾಂಟಾ ತೊರಕೆ ಸುಮಾರು ಒಂದು ವರ್ಷ ಬಸಿರು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮುಳ್ಳು ಶಾರ್ಕಿನ ಬಸಿರು ಎರಡು ವರ್ಷದ ಹತ್ತಿರ ಹತ್ತಿರ, ಆನೆಯದಕ್ಕೆ ಸಮ. ಸ್ಯಾಂಡ್ ಟೈಗರ್ ಶಾರ್ಕಿಗೆ ಎರಡು ಗರ್ಭಕೋಶ. ಒಂದೊಂದರಲ್ಲೂ ಮೊದಲು ಬೆಳೆದ ಮರಿ ಉಳಿದ ಒಡಹುಟ್ಟುಗಳನ್ನು ತಿಂದು ಮುಗಿಸುತ್ತದೆ, ಹುಟ್ಟುವುದು ಎರಡೇ. ಗ್ರೀನ್‌ಲ್ಯಾಂಡ್ ಶಾರ್ಕಿನ ಕಣ್ಣಿನ ಮಸೂರವನ್ನು ಇಂಗಾಲದ ಕಾಲನಿರ್ಣಯಕ್ಕೆ ಒಳಪಡಿಸಿದ ಸಂಶೋಧಕರು 2016ರಲ್ಲಿ ಹೇಳಿದ್ದು ಇನ್ನೂ ವಿಚಿತ್ರ: ಹೆಣ್ಣು ಪ್ರಾಯಕ್ಕೆ ಬರುವುದಕ್ಕೇ ಸುಮಾರು 150 ವರ್ಷ ಬೇಕು.

ಹೀಗೆ ಬದುಕುವ ಪ್ರಾಣಿಯನ್ನು ನಾವು ಲಕ್ಷ ಮೊಟ್ಟೆ ಇಡುವ ಮೀನಿನಂತೆಯೇ ಹಿಡಿಯುತ್ತಿದ್ದೇವೆ. ಎಷ್ಟೋ ಸಲ ಬಲೆ ಬೀಸಿದ್ದು ಸೀಗಡಿಗೆ, ಗಾಳ ಹಾಕಿದ್ದು ಟ್ಯೂನಾಕ್ಕೆ, ಸಿಕ್ಕಿಬಿದ್ದದ್ದು ಇವು. ತೆರೆದ ಸಾಗರದ ಶಾರ್ಕು, ತೊರಕೆಗಳ ಸಂಖ್ಯೆ 1970ರಿಂದ ಈಚೆಗೆ ಶೇಕಡ 71ರಷ್ಟು ಕುಸಿದಿದೆ ಎಂದು 2021ರ ಅಧ್ಯಯನ ತಿಳಿಸಿತು. ಅದೇ ವರ್ಷದ ಇನ್ನೊಂದು ಮೌಲ್ಯಮಾಪನದ ಪ್ರಕಾರ ಈ ಮನೆತನದ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಜಾತಿಗಳು ಅಳಿವಿನ ಅಂಚಿಗೆ ಹೋಗುತ್ತಿವೆ. ಹವಾಮಾನ ಬದಲಾವಣೆ, ಆವಾಸದ ನಾಶ ಎಲ್ಲವೂ ಇವೆ, ನಿಜ. ಆದರೆ ಮೊದಲ ಕಾರಣ ಅತಿಯಾದ ಮೀನುಗಾರಿಕೆಯೇ. ಸೂಪಿಗಾಗಿ ರೆಕ್ಕೆ ಕತ್ತರಿಸುವ ಚಿತ್ರ ಎಲ್ಲರಿಗೂ ಗೊತ್ತು. ಮಾಂಸ, ಚರ್ಮ, ಯಕೃತ್ತಿನ ಎಣ್ಣೆ, ಮ್ಯಾಂಟಾದ ಕಿವಿರು ಕೂಡ ವ್ಯಾಪಾರದ ಸರಕು ಎಂಬುದು ಅಷ್ಟಾಗಿ ಯಾರಿಗೂ ತಿಳಿದಿಲ್ಲ.

ಹಾಗೆಂದು ಇವುಗಳ ಪರವಾಗಿ ಹೇಳುವ ಕಥೆಗಳೆಲ್ಲ ಸರಿ ಎಂದೇನಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ದೊಡ್ಡ ಶಾರ್ಕುಗಳು ಕಡಿಮೆಯಾದವು, ಅದರಿಂದ ಕೌನೋಸ್ ಎಂಬ ತೊರಕೆ ವಿಪರೀತ ಹೆಚ್ಚಿತು, ಅದು ಸ್ಕ್ಯಾಲಪ್ ಚಿಪ್ಪುಗಳನ್ನೆಲ್ಲ ತಿಂದು ಹಾಕಿತು ಎಂದು 2007ರಲ್ಲಿ ಒಂದು ಪ್ರಬಂಧ ಬಂತು. ಶಾರ್ಕನ್ನು ಉಳಿಸಬೇಕು ಎನ್ನುವವರಿಗೆ ಅದು ಬಲು ಇಷ್ಟವಾಯಿತು. ಆದರೆ ಪರಿಣಾಮ ನೋಡಿ: ‘ಕೊಲ್ಲಿಯನ್ನು ಉಳಿಸಿ, ತೊರಕೆ ತಿನ್ನಿ’ ಎಂಬ ಪ್ರಚಾರ ಶುರುವಾಯಿತು, ಬಿಲ್ಲುಬಾಣ ಹಿಡಿದು ತೊರಕೆ ಹೊಡೆಯುವ ಸ್ಪರ್ಧೆಗಳು ನಡೆದವು. ಕೌನೋಸ್ ಹೆಣ್ಣಾದರೋ ಏಳೆಂಟು ವರ್ಷಕ್ಕೆ ಪ್ರಾಯಕ್ಕೆ ಬಂದು ವರ್ಷಕ್ಕೆ ಒಂದೇ ಮರಿ ಹಾಕುವಂಥದ್ದು. ಅಂಥದ್ದು ಇದ್ದಕ್ಕಿದ್ದಂತೆ ಉಕ್ಕಿ ಹರಿಯುವುದು ಹೇಗೆ ಎಂದು ಕೇಳುವುದಕ್ಕೆ ವಿಜ್ಞಾನಿಯೇ ಆಗಬೇಕಿರಲಿಲ್ಲ. 2016ರಲ್ಲಿ ಬೇರೆ ಸಂಶೋಧಕರು ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿ, ಕಾಲಕ್ರಮವೇ ಹೊಂದುವುದಿಲ್ಲವೆಂದು ತೋರಿಸಿದರು. ಮರುವರ್ಷ ಮೇರಿಲ್ಯಾಂಡ್ ರಾಜ್ಯ ಆ ಸ್ಪರ್ಧೆಗಳನ್ನು ತಡೆಹಿಡಿಯಿತು.

ನಿಧಾನವಾಗಿ ಹೆರುವ ಪ್ರಾಣಿಗೆ ಬೇಕಾದದ್ದು ಹಿಡಿಯುವ ಮಿತಿ. ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಲು ಸೈಟಿಸ್ ಒಪ್ಪಂದವಿದೆ. 2022ರಲ್ಲಿ ಅದರ ಪಟ್ಟಿಗೆ, ನೀಲಿ ಶಾರ್ಕಿನಂಥವು ಸೇರಿರುವ ರಿಕ್ವಿಯಮ್ ಶಾರ್ಕುಗಳ ಇಡೀ ಕುಟುಂಬ ಸೇರಿತು. ಪಲಾವು ದ್ವೀಪರಾಷ್ಟ್ರ 2009ರಲ್ಲಿ ತನ್ನ ಕಡಲನ್ನೇ ಶಾರ್ಕುಧಾಮ ಮಾಡಿತು. ಉದ್ದ ಗಾಳದ ತುದಿಗೆ ಉಕ್ಕಿನ ತಂತಿಯ ಬದಲು ನೈಲಾನ್ ಕಟ್ಟಿದರೆ ಎಷ್ಟೋ ಶಾರ್ಕುಗಳು ಕಡಿದುಕೊಂಡು ಹೋಗುತ್ತವೆ.

ಮಿತಿ ಫಲ ಕೊಡುವುದೂ ಉಂಟು. ವಾಯವ್ಯ ಅಟ್ಲಾಂಟಿಕ್‌ನಲ್ಲಿ ಬಾರ್ನ್‌ಡೋರ್ ಸ್ಕೇಟ್ ಎಂಬ ದೊಡ್ಡ ತೊರಕೆ ಅಳಿದೇ ಹೋಗಬಹುದೆಂದು 1998ರಲ್ಲಿ ವಿಜ್ಞಾನಿಗಳು ಎಚ್ಚರಿಸಿದ್ದರು. ಅಮೆರಿಕ ಅಲ್ಲಿನ ಕೆಲವು ಜಾಗಗಳಲ್ಲಿ ಮೀನುಗಾರಿಕೆಯನ್ನು ಮುಚ್ಚಿತ್ತು. 2003ರಿಂದ ಆ ಮೀನನ್ನು ದೋಣಿಯಲ್ಲಿ ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಬಲೆಗೆ ಬಿದ್ದರೆ ವಾಪಸು ನೀರಿಗೆ. ಹತ್ತು ಹದಿನೈದು ವರ್ಷಗಳಲ್ಲಿ ಅದರ ಸಂಖ್ಯೆ ಚೇತರಿಸಿಕೊಂಡಿತು. 2018ರಲ್ಲಿ ಅದನ್ನು ಮತ್ತೆ ದಡಕ್ಕೆ ತರಲು ಮೀನುಗಾರರಿಗೆ ಅನುಮತಿ ಸಿಕ್ಕಿತು. ಒಂದು ಸಲದ ಮೀನುಗಾರಿಕೆಗೆ ಇಷ್ಟೇ ಎಂಬ ಕಟ್ಟಿನೊಳಗೆ.

ನಮಸ್ಕಾರ.